ಅಕ್ಕನ ಮನಿ ಬಾಸುಂದಿ

ರೀ,

ಒಗಿಯಾಕ ಹಾಕಿದ ನಿಮ್ಮ ಪ್ಯಾಂಟಿನ ಕಿಸೆದಾಗ ಗುಳಿಗಿ ಪಟ್ಟಿ ಸಿಕ್ಕದ. ಹಾಲು ಪಚನ ಮಾಡೋ ಎಂಜೈಮ್ ಗುಳಿಗಿ ಅಂತ ಔಷಧ ಅಂಗಡ್ಯಾಂವ ಹೇಳ್ದ. ಚಿದ್ರಿ ಊರಾಗಿರೋ ನಿಮ್ಮ ಅಕ್ಕಗ ಫೋನ್ ಹಚ್ಚಿದ್ರ, "ತಮ್ಮ ಐತವಾರಕ್ಕೊಮ್ಮೆ ಬಂದು, ಗುಳಿಗಿ ನುಂಗಿ, ವಾಟಿ ತುಂಬ ನನ್ನ ಬಾಸುಂದಿ ಕುಡಿತಾನವಾ" ಅಂದ್ರು.

ನನ್ನ ಮುಂದ ಮಾತ್ರ "ಹಾಲು ಪಚನ ಮಾಡೋ ಎಂಜೈಮ್ ನನ್ನ ಹೊಟ್ಟ್ಯಾಗಿಲ್ಲ" ಅಂತ ನಾ ಕೊಟ್ಟ ಬಾಸುಂದಿ ವಾಟಿ ಸರಿಸಿದ್ರಿ. ನಿಮ್ಮ ಸಲುವಾಗಿ ನಾನೂ ಹಾಲಿನ ಚಹಾ ಬಿಟ್ಟೆ. ನನ್ನ ಬಾಸುಂದಿ ಸೇರದಿದ್ರ ಹಂಗೇ ಹೇಳ್ಬೇಕಿತ್ತು.

ಅವ್ವನ ಕಡಿ ಖಟಕ ಚಿಂಚೋಳಿಗೆ ಹೊಂಟೇನಿ. ರೊಟ್ಟಿ ಬುಟ್ಟ್ಯಾಗ ಅವ. ಫ್ರಿಜ್‌ನಾಗ ಬಾಸುಂದಿ ಅದ. ಗುಳಿಗಿ ಮೊದಲ ಗುಟುಕಿನ ಜೋಡಿನೇ ನುಂಗ್ಬೇಕಂತ, ಆಮ್ಯಾಲ ನುಂಗಿದ್ರ ಉಪಯೋಗಿಲ್ಲ.

ಪಟ್ಟ್ಯಾಗ ಒಂದೇ ಗುಳಿಗಿ ಉಳದದ. ಚಿದ್ರಿಗೆ ಒಯ್ತೀರೋ, ಇಲ್ಲೇ ನುಂಗ್ತೀರೋ, ನೀವೇ ನೋಡ್ರಿ.

ಈಶ್ವರಿ