ಒಂದೇ ಮಂಚದ ಸ್ನೇಹಿತ

ಪ್ರೀತಿಯ ಅಕ್ಕನಿಗೆ,

ಇಷ್ಟು ದೊಡ್ಡ ಊರಲ್ಲಿ ಒಬ್ಬ ಸ್ನೇಹಿತನಾದರೂ ಸಿಕ್ಕನೇನೋ ಅಂತ ಪ್ರತಿ ಸಲ ಕೇಳ್ತೀಯಲ್ಲ, ಸಿಕ್ಕಿದ್ದ. ರಾತ್ರಿ ಬೇಕರಿಯಲ್ಲಿ ಕೆಲಸ ಮಾಡ್ತಿದ್ದವನು. ಬಾಡಿಗೆ ಕೋಣೆಯಲ್ಲಿ ಇಬ್ಬರಿಗೂ ಒಂದೇ ಮಂಚ, ಹಗಲು ಅವನಿಗೆ, ರಾತ್ರಿ ನನಗೆ. ಅವನು ಬರೋಷ್ಟರಲ್ಲಿ ನಾನು ಟೈಲರ್ ಅಂಗಡಿಗೆ ಹೊರಟಿರ್ತಿದ್ದೆ, ನಾನು ಬರೋಷ್ಟರಲ್ಲಿ ಅವನು ಹೊರಟಿರ್ತಿದ್ದ. ರಜೆಯ ದಿನವೂ ಅವನ ನಿದ್ದೆ ಕೆಡಿಸಬಾರದು ಅಂತ ಬೀದಿ ಸುತ್ತುತ್ತಿದ್ದೆ. ಏಳು ತಿಂಗಳಲ್ಲಿ ಒಮ್ಮೆಯೂ ಮುಖ ನೋಡಲಿಲ್ಲ. ನಗಬೇಡ. ಅವನು ದಿಂಬಿನ ಪಕ್ಕ ನನಗೊಂದು ಬನ್ನು ಇಟ್ಟು ಹೋಗ್ತಿದ್ದ, ನಾನು ಅವನ ಅಂಗಿಗೆ ಗುಂಡಿ ಹೊಲಿದಿಡ್ತಿದ್ದೆ.

ಮೊನ್ನೆ ಅವನಿಗೆ ಲಾರಿ ಹೊಡೀತು. ಜೇಬಿನ ಚೀಟಿಯಲ್ಲಿ ‘ಸ್ನೇಹಿತ’ ಅಂತ ಬರೆದು ನಮ್ಮ ಅಂಗಡಿಯ ನಂಬರು ಹಾಕಿದ್ದನಂತೆ. ಆಸ್ಪತ್ರೆಯಲ್ಲಿ ಮುಖಕ್ಕೆ ಮುಚ್ಚಿದ್ದ ಬಟ್ಟೆ ಸರಿಸಿ, “ಇವನೇನಾ?” ಅಂದರು. ಮುಖ ನೋಡಿ ಏನು ಹೇಳಲಿ ಅಕ್ಕಾ? “ಅಂಗಿ ತೋರಿಸಿ” ಅಂದೆ. ಮೂರನೇ ಗುಂಡಿಗೆ ಹಸಿರು ದಾರ. ಬಿಳಿ ದಾರ ಮುಗಿದಾಗ ನಾನೇ ಹಾಕಿದ್ದು. “ಹೌದು” ಅಂದೆ.

ಅವನು ಹೋಗಿಬಿಟ್ಟ ಅಂತ ಅಮ್ಮನಿಗೆ ಹೇಳಬೇಡ. ನನಗೊಬ್ಬ ಸ್ನೇಹಿತ ಇದ್ದಾನೆ ಅಂತಷ್ಟೇ ಹೇಳು.

ಸೋಮವಾರ ಮಂಚಕ್ಕೆ ಹೊಸಬ ಬರ್ತಾನೆ. ರಜೆ ಹಾಕಿಯಾದರೂ ಇವನ ಮುಖ ಮೊದಲು ನೋಡ್ಕೋತೀನಿ.

ನಿನ್ನ ತಮ್ಮ