ಯಾರಿಗೂ ಕೊರತೆಯಿಲ್ಲದ ಊರಿನಿಂದ

ಹೊಸ ಬೆಣ್ಣಿಹಳ್ಳಿ
ಮಾರ್ಚ್ ೩೨, ೨೧೬೧

ನೂರಾ ಮೂವತ್ತು ವರ್ಷ ಹಿಂದಿನ ಹಿರಿಯರಿಗೆ,

ಮೂವರು ಪ್ರಧಾನಿಗಳಿಗೆ ಕೈಹಿಡಿದು ಸಹಿ ಕಲಿಸಿದ, ಏಳನೇ ಇಯತ್ತೆ ಪಾಸಾದ ಚನ್ನವೀರಕಾಕಾ ಮಾಡುವ ಶರಣು. ತಾರೀಖು ನೋಡಿ ಗಾಬರಿಯಾಗಬೇಡಿರಿ. ಮೂವತ್ತೊಂದರೊಳಗೆ ಹಣ ಖರ್ಚು ಮಾಡದ, ತಕರಾರು ಕೊಡದ ಊರುಗಳಿಗೆ ಸರ್ಕಾರ ಒಂದು ದಿನ ಹೆಚ್ಚಿಗೆ ಕೊಟ್ಟಿದೆ. ನಮ್ಮ ಶಬ್ದ ನಿಮಗೆ ವಿಚಿತ್ರ ಕಂಡರೆ ಕ್ಷಮಿಸಿರಿ. ನಿಮ್ಮವೂ ನಮಗೆ ಹಾಗೇ. 'ಚಳಿಗಾಲ' ಅಂದರೆ ಏನಂತ ಸಾಲಿಯಲ್ಲಿ ಚಿತ್ರ ತೋರಿಸಿ ಕಲಿಸುತ್ತಾರೆ.

ಇಲ್ಲಿ ಬಿಸಿಲು ಐವತ್ತೆರಡು ಡಿಗ್ರಿ. ಹತ್ತು ಗಂಟೆಗೆ ಓಣಿ ಖಾಲಿ. ಆಮೇಲೆ ಓಡಾಡುವುದು ನೆರಳಬಂಡಿ ಮಾತ್ರ, ಅಂದರೆ ಹಾಲು, ಕಾಯಿಪಲ್ಲೆ, ಮುದುಕರನ್ನು ಒಟ್ಟಿಗೇ ಸಾಗಿಸುವ ಚಾಪೆ ಹೊದಿಸಿದ ಗಾಡಿ. ಜೋಡುಮಾಳಿಗೆ ಅಂದರೆ ನಡುವೆ ಗಾಳಿಯಾಡುವ ಎರಡು ಪದರದ ಛಾವಣಿ. ಅದಿದ್ದವರು ಬದುಕುತ್ತಾರೆ, ತಗಡಿನವರು ಪ್ರಯತ್ನ ಮಾಡುತ್ತಾರೆ. ಛಾವಣಿಗೂ ಗಟಾರಿಗೂ ಓಣಿಯ ನಳಕ್ಕೂ ದಿಲ್ಲಿಯಿಂದ ಬರುವ ಹಣವೇ ಸೂರುಗಂಟು. ನೀವು ಹಟ ಹಿಡಿದು ಉಳಿಸಿಕೊಂಡದ್ದು ಅಂತ ನನ್ನ ಅಜ್ಜ ಹೇಳುತ್ತಿದ್ದ. ಐದು ವರ್ಷಕ್ಕೊಮ್ಮೆ ನೋಡುಗ ಅನ್ನುವ ಅಧಿಕಾರಿ ಬಂದಾಗ ಊರಿನ ಅತಿ ಕೆಟ್ಟ ಮನೆಯನ್ನು ತೋರಿಸಬೇಕು. ತೋರಿಸಲು ಏನೂ ಇಲ್ಲ ಅಂದ ಊರಿನ ಹೆಸರು ಪಟ್ಟಿಯಿಂದ ಕಾಯಂ ಹೋಗುತ್ತದೆ.

ಹೋದ ವರ್ಷ ಫೆಬ್ರುವರಿಯಲ್ಲಿ ನೋಡುಗ ಬಂದ. ಪಂಚಾಯಿತಿ ಅಧ್ಯಕ್ಷ ನಾನು. ಅಷ್ಟು ದೂರದಿಂದ ಬಂದವನಿಗೆ ಕೊಳಕು ತೋರಿಸುವುದೇ? ಗಟಾರಿನ ದಂಡೆಗೆ ಸುಣ್ಣ ಬಳಿಸಿದೆ, ಹೋಳಿಗೆ ಮಾಡಿಸಿದೆ. ಊರ ಅಗಸಿ ಬಾಗಿಲ ಪಕ್ಕದ ಒಂದು ತಗಡಿನ ಮನೆ ಮಾತ್ರ ಕಣ್ಣಿಗೆ ಚುಚ್ಚುತ್ತಿತ್ತು. ಅದು ನನ್ನ ಅಣ್ಣನ ಮಗಳು, ಗಂಡ ಸತ್ತ ಬಾಳವ್ವನದು. ಅದರ ಮುಂದೆ ಹದಿನೈದು ಅಡಿಯ ಸ್ವಾಗತದ ಬ್ಯಾನರ್ ಕಟ್ಟಿಸಿದೆ. ಅದರಲ್ಲಿ ಕೈಮುಗಿದು ನಿಂತ ನನ್ನ ಚಿತ್ರ ತುಂಬ ಒಪ್ಪುತ್ತಿತ್ತು. ಹಗ್ಗ ಬಿಗಿಯುವಾಗ ಅವಳು ಕಿಟಕಿಯಿಂದ ಅಂದಳು:

"ಕಾಕಾ, ನನ್ನ ಮನಿ ತೋರ್ಸು. ಮರ್ಯಾದಿ ಹೋದ್ರ ನಂದು ಹೋಗ್ತೈತಿ, ನಿಂದಲ್ಲ."

ಎಲ್ಲರೂ ನಕ್ಕೆವು. ಬಾಗಿಲಿಗೆ ಅಡ್ಡ ಹೂಕುಂಡ ಇಟ್ಟು ಅವಳನ್ನು ಒಳಗೇ ಇರಿಸಿದೆವು. ನೋಡುಗ ಎರಡು ಸಲ ಕೇಳಿದ. ನಮ್ಮೂರಿನಲ್ಲಿ ಯಾರಿಗೂ ಏನೂ ಕೊರತೆಯಿಲ್ಲ ಅಂತ ನಾನೇ ದುಂಡಗೆ ಬರೆದು ಸಹಿ ಮಾಡಿಕೊಟ್ಟೆ. ಅಕ್ಷರ ಚೆನ್ನಾಗಿದೆ ಅಂದ.

ಬ್ಯಾನರ್ ಬಿಚ್ಚಲು ನನಗೆ ಮನಸ್ಸಾಗಲಿಲ್ಲ. ಇದ್ದ ಒಂದೇ ಕಿಟಕಿಯ ಗಾಳಿಯನ್ನು ನನ್ನ ಮುಖ ತಡೆದಿತ್ತು. ಏಪ್ರಿಲ್ ಒಂಬತ್ತಕ್ಕೆ ಬಾಳವ್ವ ತಗಡಿನ ಕೆಳಗೆ ಬೆಂದು ಸತ್ತಳು. ಅವಳನ್ನು ಹೊರಗೆ ತರಲು ಬ್ಯಾನರ್ ಹರಿಯಬೇಕಾಯಿತು. ಅದನ್ನು ಮತ್ತೆ ಹೊಲಿಸಬಹುದೇ ಅಂತ ನಾನು ಕೇಳಿದ್ದನ್ನು ಊರವರು ಇನ್ನೂ ಮರೆತಿಲ್ಲ.

ಇಂದು ತಕರಾರು ಕೊಡಲು ಕಡೆಯ ದಿನ. ಒಯ್ದು ಕೊಟ್ಟರೆ ಕಚೇರಿಯ ಹುಡುಗಿ, ಕೊರತೆಯಿಲ್ಲ ಅಂತ ನಾನು ಬರೆದ ಚೀಟಿಯನ್ನೇ ನನಗೆ ಓದಿ ಹೇಳಿದಳು. ಊರಿನ ಹೆಸರು ಹೋಯಿತು. ನನ್ನ ಮಾಳಿಗೆಯೂ ಮೊನ್ನೆ ಬಿರುಕು ಬಿಟ್ಟಿದೆ, ಕೇಳುವ ದಾರಿ ಇಲ್ಲ.

ನಿಮ್ಮಲ್ಲಿ ಒಂದೇ ಬೇಡಿಕೆ. ಊರುಗಳೆಲ್ಲ ಚೆನ್ನಾಗಿವೆ, ದಿಲ್ಲಿಯ ಹಣ ಇನ್ನು ಸಾಕು ಅಂತ ನಿಮ್ಮ ಸಭೆಯಲ್ಲಿ ಯಾರಾದರೂ ಎದ್ದು ನಿಂತರೆ ಚಪ್ಪಾಳೆ ತಟ್ಟಬೇಡಿರಿ. ಅವನ ಬೆನ್ನ ಹಿಂದೆ ಏನಿದೆ, ಹೋಗಿ ನೋಡಿರಿ.

ಕಟ್ಟೆಯ ಮೇಲೆ ಕೂತಾಗ ನಲವತ್ತು ಕೋಟಿ ಕಳೆದವನು ಅಂತ ಹೇಳಿಕೊಳ್ಳುತ್ತೇನೆ. ಸಣ್ಣ ಮೊತ್ತ ನನಗೆ ಒಪ್ಪುವುದಿಲ್ಲ. ನಿಮಗೆ ಖರೇ ಹೇಳುತ್ತೇನೆ. ಉಳಿದ ಮನೆಗಳಿಗೆಲ್ಲ ಜೋಡುಮಾಳಿಗೆ ಮೊದಲೇ ಆಗಿತ್ತು. ನೋಡುಗ ಆ ದಿನ ಚೀಲದಲ್ಲಿ ತಂದಿದ್ದ ಮಂಜೂರಿ ಒಂದೇ ಮನೆಯದು.

ನಾಲ್ಕು ಲಕ್ಷ ಎಂಬತ್ತು ಸಾವಿರ ರೂಪಾಯಿ.