ನೂರಾ ನಾಲ್ಕು ಓಟು

ಮನೆಯಿಂದ,
ಮಾರ್ಚ್ ಹದಿನೇಳು, ಭಾನುವಾರ

ಪ್ರೀತಿಯ ಮಗಳೇ,

ಹೇಗಿದ್ದೀಯ? ತರಬೇತಿ ಕೇಂದ್ರದ ಆ ತಣ್ಣನೆಯ ಕೋಣೆಯಲ್ಲಿ ನಿನ್ನ ಕೆಮ್ಮು ಹೇಗಿದೆ? ಬಿಸಿನೀರು ಕುಡಿ, ಸಣ್ಣದೆಂದು ಅಸಡ್ಡೆ ಮಾಡಬೇಡ. ಇಲ್ಲಿ ನಾವು ಚೆನ್ನಾಗಿದ್ದೇವೆ. ಅಂದರೆ ನಿನ್ನ ಅಮ್ಮ ಚೆನ್ನಾಗಿದ್ದಾಳೆ. ನಾನು ಉಣ್ಣುತ್ತೇನೆ, ಮಲಗುತ್ತೇನೆ, ಏಳುತ್ತೇನೆ. ಫೋನು ಮಾಡಿದರೆ ನೀನು ಎತ್ತುತ್ತಿಲ್ಲ. ಎತ್ತಿದ್ದರೂ ನನಗೆ ಬಾಯಿ ಬರುತ್ತಿರಲಿಲ್ಲ, ಅದಕ್ಕೇ ಈ ಕಾಗದ.

ವಾರ್ಡು ಚುನಾವಣೆಯ ಫಲಿತಾಂಶ ನಿನಗೆ ಮುಟ್ಟಿರುತ್ತದೆ. ಕಂಟ್ರಾಕ್ಟರು ಗೆದ್ದ. ನರ್ಸಮ್ಮ ಮೂವತ್ತೆಂಟು ಓಟಿನಿಂದ ಸೋತಳು. ನನಗೆ ಬಿದ್ದದ್ದು ನೂರಾ ನಾಲ್ಕು. ನೀನು ಪಾಠ ಮಾಡುವ ಶಿಶುವಿಹಾರವನ್ನು ಕೆಡವಿ ಕಾರು ನಿಲ್ಲಿಸುವ ಕಟ್ಟಡ ಎಬ್ಬಿಸುತ್ತೇನೆಂದು ಅವನು ಮೊದಲೇ ಸಾರಿದ್ದ. ಉಳಿಸುತ್ತೇನೆಂದು ನಿಂತವಳು ನರ್ಸಮ್ಮ. ಉಳಿಸುತ್ತೇನೆಂದೇ ನಾನೂ ನಿಂತೆ. "ಅಪ್ಪಾ, ನೀನಂತೂ ಗೆಲ್ಲಲ್ಲ, ಅವರನ್ನೂ ಗೆಲ್ಲೋಕೆ ಬಿಡಲ್ಲ" ಅಂತ ನೀನು ಬಡಿದುಕೊಂಡೆ. ಮಕ್ಕಳಿಂದ ಬುದ್ಧಿ ಹೇಳಿಸಿಕೊಳ್ಳುವಷ್ಟು ಮುದುಕನಾಗಿಲ್ಲ ಅಂದುಕೊಂಡೆ.

ಊರಿಗೆಲ್ಲ ನಾನು ಹೇಳಿದ್ದು ದೊಡ್ಡ ಮಾತು: ಎರಡು ಪಕ್ಷಗಳ ಕಾಟ ಸಾಕು, ಮೂರನೆಯದೊಂದು ದಾರಿ ಬೇಕು. ಅದು ಸುಳ್ಳಲ್ಲ, ಈಗಲೂ ನಂಬುತ್ತೇನೆ. ಆದರೆ ನಾನು ನಿಂತದ್ದು ಅದಕ್ಕಲ್ಲ. ಶಿಶುವಿಹಾರದ ಸಭೆಯಲ್ಲಿ ನಾನು ಚರಂಡಿಯ ವಿಷಯ ಎತ್ತಿದಾಗ ನರ್ಸಮ್ಮ "ಪೇಂಟರ್ ತಾತ, ಸ್ವಲ್ಪ ಕೂತ್ಕೊಳ್ಳಿ" ಅಂದಳಲ್ಲ, ನಾಲ್ಕು ಜನ ನಕ್ಕರಲ್ಲ, ಅದಕ್ಕೆ. ಮಾರನೆಯ ದಿನವೇ ಹೋಗಿ ನಾಮಪತ್ರ ಕೊಟ್ಟೆ. ಬೋರ್ಡು ಬರೆದು ಬದುಕಿದವನಿಗೆ ಪೋಸ್ಟರು ಬರೆಯುವುದು ಯಾವ ಲೆಕ್ಕ? ಕೊಡೆಯ ಗುರುತು, ಕೆಳಗೆ ದುಂಡನೆಯ ಅಕ್ಷರ. ಬೀದಿಯಲ್ಲಿ ನನ್ನ ಪೋಸ್ಟರುಗಳೇ ಲಕ್ಷಣವಾಗಿದ್ದವು ಅನ್ನುವ ಸೊಕ್ಕು ಬೇರೆ.

ಗೆದ್ದ ದಿನ ಸಂಜೆ ಕಂಟ್ರಾಕ್ಟರು ಮೊದಲು ಬಂದದ್ದು ನಮ್ಮ ಮನೆಗೆ. ಹೂಗುಚ್ಛ ಕೈಗಿಟ್ಟು, "ತಾತ, ನೀವಿಲ್ಲದಿದ್ರೆ ನಾನಿಲ್ಲ" ಅಂದ. ಅಣಕವಲ್ಲ, ಉಪಕಾರ ನೆನೆದೇ ಆಡಿದ ಮಾತು. ಹೊಸ ಕಟ್ಟಡದ ಬೋರ್ಡನ್ನೂ ನಾನೇ ಬರೆಯಬೇಕಂತೆ. ಬೇಡ ಅನ್ನಬೇಕಿತ್ತು. ನೋಡೋಣ ಅಂದೆ. ಮೊನ್ನೆ, ಕೈ ನಡುಗುತ್ತದೆ ಎಂದು ಹೇಳಿ ಕಳಿಸಿದೆ, ಕೈಗೇನೂ ಆಗಿಲ್ಲ. ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಅನ್ನುತ್ತಾರೆ, ನಮ್ಮಲ್ಲಿ ಮೂರನೆಯವನೇ ಲಾಭ ಮಾಡಿಕೊಟ್ಟು ಬಂದ. ನಿನ್ನ ಅಮ್ಮ ಹೂಗುಚ್ಛವನ್ನು ಕಸದ ಡಬ್ಬಿಗೆ ಹಾಕಿ, "ತಾನು ಕೆಟ್ಟ ಕೋತಿ ವನಾನೆಲ್ಲ ಕೆಡಿಸ್ತು" ಅಂದವಳು, ಊಟಕ್ಕೆ ಕರೆಯುವುದು ಬಿಟ್ಟರೆ ಮತ್ತೆ ಮಾತಾಡಿಲ್ಲ.

ಎದುರಿನ ಇಸ್ತ್ರಿ ಅಂಗಡಿಯವಳು ಮಾತಾಡುತ್ತಾಳೆ, ಅದೇ ಕಷ್ಟ. ನಾಲ್ಕು ದಿನದ ಹಿಂದೆ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಇಸ್ತ್ರಿ ತಿಕ್ಕುತ್ತ ಕೇಳಿದಳು: "ತಾತ, ಬರೋ ತಿಂಗಳು ಶಿಶುವಿಹಾರ ಮುಚ್ತಾರಂತೆ. ನಿಮಗೇ ಓಟು ಹಾಕಿದ್ನಲ್ಲ, ಈಗೇನ್ಮಾಡೋದು?" ಸಿಟ್ಟಿಲ್ಲದೆ, ನನಗೆ ಗೊತ್ತಿರುತ್ತದೆ ಅನ್ನುವ ಹಾಗೆ ಕೇಳಿದಳು. ನಿನ್ನ ಕೆಲಸ ಕಳೆದೆ, ಅವಳ ಮಗುವಿನ ಜಾಗ ಕಳೆದೆ. ನಾಚಿಕೆಯಿಂದ ಈಗ ಹಿಂದಿನ ಓಣಿಯಲ್ಲಿ ಸುತ್ತಿಕೊಂಡು ಮನೆಗೆ ಬರುತ್ತೇನೆ.

ಕ್ಷಮಿಸು ಅನ್ನುವುದಿಲ್ಲ, ಬೈಯುವುದಕ್ಕಾದರೂ ಒಮ್ಮೆ ಫೋನು ಮಾಡು. ಹರಸುವ ಯೋಗ್ಯತೆ ಇದೆಯೋ ಇಲ್ಲವೋ, ಅಪ್ಪನೆಂಬ ಸಲುಗೆಯಿಂದ ಹರಸುತ್ತಿದ್ದೇನೆ. ನಿನಗೆ ಒಳ್ಳೆಯದಾಗಲಿ.

ನಿನ್ನ,
ಅಪ್ಪ

ಮರೆತಿದ್ದೆ. ಮರೆತಿದ್ದೆ ಅನ್ನುವುದೂ ಸುಳ್ಳು. ಅವತ್ತು ಮತಗಟ್ಟೆಯ ಮರೆಯಲ್ಲಿ ನಿಂತಾಗ ನನ್ನ ಹೆಸರು ಕಣ್ಣೆದುರೇ ಇತ್ತು. ನೀನು ನೆನಪಾದೆ. ನನ್ನ ಓಟು ನರ್ಸಮ್ಮನಿಗೆ ಹಾಕಿದೆ. ಹೊರಗೆ ಬಂದರೆ ಇಸ್ತ್ರಿ ಅಂಗಡಿಯವಳು ಮಗುವನ್ನೆತ್ತಿಕೊಂಡು ಸಾಲಿನಲ್ಲಿ ನಿಂತಿದ್ದಳು. "ನಿಮಗೇ ತಾತ" ಅಂತ ಪಿಸುಗುಟ್ಟಿದಳು. ಬೇಡ ಅನ್ನಲು ಇನ್ನೂ ಹೊತ್ತಿತ್ತು. ನಾನು ಮಗುವಿನ ಕೆನ್ನೆ ತಟ್ಟಿ ಬಂದೆ.